ಭಾರತದಲ್ಲಿ ವಾಣಿಜ್ಯ ಡೈರೆಕ್ಟರಿ: ಮುದ್ರಿತ ಪುಸ್ತಕದ ಹಿಂಜರಿತ ಮತ್ತು ಆನ್‌ಲೈನ್ ಪಟ್ಟಿಗಳು

ವಾಣಿಜ್ಯ ಡೈರೆಕ್ಟರಿ ಎಂದರೆ ಒಂದು ಊರಿನ ಅಥವಾ ಪ್ರಾಂತದ ಅಂಗಡಿ, ಕಾರ್ಖಾನೆ, ಕಸುಬುದಾರರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ವೃತ್ತಿವಾರು ವಿಂಗಡಿಸಿ ಕೊಡುವ ಪಟ್ಟಿ. ಭಾರತದಲ್ಲಿ ಇದರ ಚರಿತ್ರೆ ಹೇಳುವ ಬರಹಗಳಲ್ಲಿ ಮೂರು ಬಗೆಯ ಪುಸ್ತಕಗಳು ಒಂದರೊಳಗೊಂದು ಬೆರೆತುಹೋಗಿವೆ: ದೂರವಾಣಿ ಇಲಾಖೆ ಚಂದಾದಾರರಿಗೆ ಹಂಚುತ್ತಿದ್ದ ಟೆಲಿಫೋನ್ ಡೈರೆಕ್ಟರಿ, ಖಾಸಗಿ ಪ್ರಕಾಶಕರು ಜಾಹೀರಾತಿನ ಹಣದಿಂದ ಹೊರತರುತ್ತಿದ್ದ ಯೆಲ್ಲೋ ಪೇಜಸ್, ಉದ್ಯಮ ಸಂಘಗಳ ಸದಸ್ಯರ ಪಟ್ಟಿ. ಈ ಮೂರೂ ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ಹಿಂದೆ ಸರಿದವಲ್ಲ. ಇಂಟರ್‌ನೆಟ್ ಬಂದದ್ದರಿಂದ ಪುಸ್ತಕ ಹೋಯಿತು ಎಂಬ ಚಾಲ್ತಿಯ ವಿವರಣೆ ಬ್ರಿಟನ್, ಅಮೆರಿಕಗಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಭಾರತದಲ್ಲಿ ಘಟನೆಗಳ ಸರದಿಯೇ ಬೇರೆ. ಇಲ್ಲಿ ಕಾನೂನು ಡೈರೆಕ್ಟರಿಯನ್ನು ಎರಡು ಹೋಳು ಮಾಡಿತು, ಮೊಬೈಲ್ ಅದರ ಬುಡ ಅಲುಗಿಸಿತು, ಜಾಗ ಅರ್ಧ ತೆರವಾದ ಮೇಲೆ ವೆಬ್ ತಾಣಗಳು ಬಂದು ಕೂತವು. ಸಣ್ಣ ವ್ಯಾಪಾರಿಯ ಹೆಸರು ಈಗ ಯಾರ ಕೈಯಲ್ಲಿದೆ, ಅದರ ಮೇಲೆ ಅವನಿಗೆ ಎಷ್ಟು ಹಿಡಿತವಿದೆ ಎಂಬುದು ತಿಳಿಯಬೇಕಾದರೆ ಈ ಸರದಿಯನ್ನು ಸರಿಯಾಗಿ ಗುರುತಿಸಬೇಕು.

ಮೊದಲ ಘಟ್ಟ ಚೆನ್ನಾಗಿ ದಾಖಲಾಗಿರುವುದರಿಂದ ಚಿಕ್ಕದಾಗಿ ಹೇಳಬಹುದು. ಕಲ್ಕತ್ತೆಯ ಥ್ಯಾಕರ್ ಸ್ಪಿಂಕ್ ಕಂಪನಿ 1860ರ ದಶಕದಲ್ಲಿ ಬಂಗಾಳದ ಡೈರೆಕ್ಟರಿ ಆರಂಭಿಸಿ, 1885ರಿಂದ ಅದನ್ನು ಇಡೀ ದೇಶಕ್ಕೆ ಹಿಗ್ಗಿಸಿತು. ಅಧಿಕಾರಿಗಳು, ಐರೋಪ್ಯ ನಿವಾಸಿಗಳು, ದೊಡ್ಡ ವ್ಯಾಪಾರ ಸಂಸ್ಥೆಗಳು ಅದರ ಕೇಂದ್ರ. 1882ರ ಜನವರಿಯಲ್ಲಿ ಕಲ್ಕತ್ತೆಯ ದೂರವಾಣಿ ವಿನಿಮಯ ಕೇಂದ್ರ ತೆರೆದ ಮೇಲೆ ಫೋನ್ ಚಂದಾದಾರರದೇ ಬೇರೆ ಪಟ್ಟಿ ಹುಟ್ಟಿತು. ಹಳದಿ ಕಾಗದದ ಮೂಲ ಅಮೆರಿಕದ್ದು. 1883ರಲ್ಲಿ ವಯೋಮಿಂಗ್‌ನ ಮುದ್ರಕನೊಬ್ಬನ ಬಳಿ ಬಿಳಿ ಕಾಗದ ಮುಗಿದು ಹಳದಿ ಹಾಳೆ ಬಳಸಿದ ಎಂಬ ಕಥೆ ಎಲ್ಲ ಕಡೆ ಉದ್ಧೃತವಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಸಂಗತಿ, 1886ರಲ್ಲಿ ರೂಬೆನ್ ಡಾನೆಲಿ ವೃತ್ತಿವಾರು ಡೈರೆಕ್ಟರಿಯನ್ನು ಜಾಹೀರಾತಿನ ವ್ಯವಹಾರವಾಗಿ ಕಟ್ಟಿದ್ದು. ಅದೇ ಹೆಸರಿನ ಕಂಪನಿ 2009ರಲ್ಲಿ ದಿವಾಳಿ ರಕ್ಷಣೆ ಕೋರಿತು. ಬ್ರಿಟನ್ನಿನಲ್ಲಿ 1966ರಲ್ಲಿ ಬ್ರೈಟನ್ ಪಟ್ಟಣದಿಂದ ಶುರುವಾದ ಯೆಲ್ಲೋ ಪೇಜಸ್ 2019ರ ಜನವರಿಯಲ್ಲಿ ಅದೇ ಪಟ್ಟಣದಲ್ಲಿ ಕೊನೆಯ ಬಾರಿ ಹಂಚಿಕೆಯಾಯಿತು. ಆ ದೇಶಗಳಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಗೂ ಫೋನ್ ಇತ್ತು, ಪುಸ್ತಕವೂ ತಲುಪುತ್ತಿತ್ತು. ಭಾರತದ ಪ್ರಶ್ನೆ ಬೇರೆಯಾಗುವುದು ಇಲ್ಲಿಯೇ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಹೇಳುವಂತೆ ಆಗ ನೂರು ಜನರಿಗೆ ಸುಮಾರು 0.8 ಫೋನ್ ಇದ್ದವು. ಫೋನ್ ಸಿಗದ ಸಣ್ಣ ಅಂಗಡಿಯವನು ಪಕ್ಕದವರ ಸಂಖ್ಯೆಯನ್ನೇ 'ಪಿ.ಪಿ.' ಎಂದು ತನ್ನ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಳ್ಳುತ್ತಿದ್ದ. ಅವನ ಹೆಸರು ಯಾವ ಡೈರೆಕ್ಟರಿಯಲ್ಲೂ ಬರುವಂತಿರಲಿಲ್ಲ. ಹಾಗಾಗಿ ಭಾರತದಲ್ಲಿ ಮುದ್ರಿತ ಡೈರೆಕ್ಟರಿ ಅಳಿಯಿತು ಎನ್ನುವಾಗ, ಅದು ಎಂದೂ ಪೂರ್ತಿಯಾಗಿ ಬೆಳೆದಿರಲಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಈ ಚರಿತ್ರೆಯ ಮುಖ್ಯ ತಿರುವು ಸುಪ್ರೀಂ ಕೋರ್ಟ್ 1995ರ ಆಗಸ್ಟ್ 3ರಂದು ಕೊಟ್ಟ ಟಾಟಾ ಪ್ರೆಸ್ ತೀರ್ಪು. ಕಾನೂನು ವಿದ್ಯಾರ್ಥಿಗಳಿಗೆ ಇದು ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಉಂಟೆಂದು ಹೇಳಿದ ತೀರ್ಪಾಗಿ ಪರಿಚಿತ; ಡೈರೆಕ್ಟರಿಯ ಚರಿತ್ರೆಯಲ್ಲಿ ಮಾತ್ರ ಇದಕ್ಕೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ. ದೆಹಲಿ ಮತ್ತು ಮುಂಬೈಯ ದೂರವಾಣಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಂಪನಿ ಮಹಾನಗರ ಟೆಲಿಫೋನ್ ನಿಗಮ 1987ರವರೆಗೆ ಬಿಳಿ ಹಾಳೆಗಳ ಡೈರೆಕ್ಟರಿಯನ್ನಷ್ಟೇ ತರುತ್ತಿತ್ತು. ಅಲ್ಲಿಂದಾಚೆಗೆ ಮುದ್ರಣವನ್ನು ಗುತ್ತಿಗೆಗೆ ಕೊಟ್ಟು, ಜಾಹೀರಾತಿನ ಹಳದಿ ಹಾಳೆಗಳನ್ನು ಸೇರಿಸಿ ಹಣ ಎತ್ತಲು ಗುತ್ತಿಗೆದಾರರಿಗೆ ಬಿಟ್ಟಿತು. ಟಾಟಾ ಪ್ರೆಸ್ ತನ್ನದೇ ಯೆಲ್ಲೋ ಪೇಜಸ್ ತಂದಾಗ ನಿಗಮ ಕೋರ್ಟಿಗೆ ಹೋಯಿತು. ಚಂದಾದಾರರ ಪಟ್ಟಿಯನ್ನು ಅನುಮತಿಯಿಲ್ಲದೆ ಯಾರೂ ಪ್ರಕಟಿಸಬಾರದು ಎನ್ನುವ 1951ರ ಟೆಲಿಗ್ರಾಫ್ ನಿಯಮಗಳ 458ನೇ ನಿಯಮ ಅದರ ಆಧಾರ. ಬಾಂಬೆ ಹೈಕೋರ್ಟಿನಲ್ಲಿ ನಿಗಮ ಗೆದ್ದಿತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ವ್ಯಾಪಾರಿಗಳು ಹಣ ಕೊಟ್ಟು ಹಾಕಿಸುವ ಜಾಹೀರಾತುಗಳ ಸಂಕಲನ ಚಂದಾದಾರರ ಪಟ್ಟಿ ಆಗುವುದಿಲ್ಲ, ಅದನ್ನು ತಡೆಯುವ ಹಕ್ಕು ನಿಗಮಕ್ಕಿಲ್ಲ ಎಂದಿತು. ತೀರ್ಪಿನ ಕೊನೆಯಲ್ಲಿರುವ ಷರತ್ತನ್ನು ಹೆಚ್ಚಿನವರು ಗಮನಿಸುವುದಿಲ್ಲ: ನಿಗಮದ ಬಿಳಿ ಹಾಳೆಯಲ್ಲಿರುವಂಥ ನಮೂದುಗಳನ್ನು ಟಾಟಾ ಪ್ರೆಸ್ ಅಚ್ಚು ಹಾಕಕೂಡದು, 458ನೇ ನಿಯಮ ತನ್ನ ಮಟ್ಟಿಗೆ ಜಾರಿಯಲ್ಲೇ ಇರುತ್ತದೆ. ಫಲವಾಗಿ ಪೂರ್ತಿ ಪಟ್ಟಿ ಸರ್ಕಾರದ ಬಳಿ ಉಳಿಯಿತು, ಆದರೆ ಅದರ ಜೋಡಣೆ ಹೆಸರಿನ ಅಕಾರಾದಿಯಲ್ಲಿ. ವೃತ್ತಿವಾರು ಪಟ್ಟಿ ಖಾಸಗಿಯವರಿಗೆ ಬಂತು, ಆದರೆ ಅದರಲ್ಲಿ ಹಣ ಕೊಟ್ಟವರಿಗಷ್ಟೇ ಜಾಗ. ಫೋನ್ ಇದ್ದೂ ಜಾಹೀರಾತಿಗೆ ಹಣ ಹೊಂದಿಸಲಾಗದ ಪ್ಲಂಬರ್ ಒಬ್ಬನ ಹೆಸರು ಮೊದಲನೆಯದರಲ್ಲಿ ಇರುತ್ತಿತ್ತು. ಅವನ ಹೆಸರು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದರಿಂದ ಉಪಯೋಗ. ಅವನ ಕಸುಬು ಹುಡುಕಿ ಬರುವ ಅಪರಿಚಿತ ಗಿರಾಕಿಗೆ ಎರಡೂ ಪುಸ್ತಕ ನೆರವಾಗುತ್ತಿರಲಿಲ್ಲ.

ತೀರ್ಪಿನ ಕಾಲವೂ ಗಮನಾರ್ಹ. ಅದಕ್ಕೆ ಮೂರು ದಿನ ಮೊದಲು, 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಗಿತ್ತು. ಹನ್ನೆರಡು ದಿನದ ನಂತರ, ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಮುದ್ರಿತ ಯೆಲ್ಲೋ ಪೇಜಸ್‌ಗೆ ಕಾನೂನಿನ ಬಲ ಸಿಕ್ಕ ಪಕ್ಷದಲ್ಲೇ ಅದರ ಇಬ್ಬರು ಪ್ರತಿಸ್ಪರ್ಧಿಗಳೂ ಹುಟ್ಟಿದರು. ಆದರೆ ಮೊದಲು ಅದರ ಮಾರುಕಟ್ಟೆಗೆ ಕೈಯಿಟ್ಟದ್ದು ಇವೆರಡೂ ಅಲ್ಲ, ಸಾಮಾನ್ಯ ಲ್ಯಾಂಡ್‌ಲೈನ್ ಮೂಲಕ ನಡೆದ ಮಾಹಿತಿ ಸೇವೆ. ಯೆಲ್ಲೋ ಪೇಜಸ್ ಕಂಪನಿಯೊಂದರಲ್ಲಿ ದುಡಿದಿದ್ದ ವಿ.ಎಸ್.ಎಸ್. ಮಣಿ 1996ರಲ್ಲಿ ಮುಂಬೈಯಲ್ಲಿ ಜಸ್ಟ್‌ಡಯಲ್ ಆರಂಭಿಸಿದರು. ನೆನಪಿನಲ್ಲಿ ಉಳಿಯುವ ಎಂಟರ ಸಾಲಿನ ಸಂಖ್ಯೆಗೆ ಕರೆ ಮಾಡಿ, ಇಂಥ ಬಡಾವಣೆಯಲ್ಲಿ ಫ್ರಿಜ್ ರಿಪೇರಿಯವರು ಬೇಕು ಎಂದರೆ ಆಪರೇಟರ್ ಹೆಸರು, ಸಂಖ್ಯೆ ಓದಿ ಹೇಳುತ್ತಿದ್ದರು. ಕೇಳಿದವರು ಹಣ ಕೊಡಬೇಕಿರಲಿಲ್ಲ. ಪಟ್ಟಿಯಲ್ಲಿ ಮುಂದೆ ಬರಬಯಸುವ ವ್ಯಾಪಾರಿ ಕೊಡುತ್ತಿದ್ದ. ಈ ವ್ಯವಸ್ಥೆಗೆ ಓದಲು ಬರಬೇಕಿರಲಿಲ್ಲ, ಮನೆಯಲ್ಲಿ ದಪ್ಪ ಪುಸ್ತಕ ಇರಬೇಕಿರಲಿಲ್ಲ, ಕಂಪ್ಯೂಟರ್ ಬೇಕಿರಲಿಲ್ಲ. ಕಂಪನಿ ತನ್ನ ವೆಬ್ ತಾಣ ತೆರೆದದ್ದು 2007ರಲ್ಲಿ. ಹನ್ನೊಂದು ವರ್ಷ ಅದು ಮುಖ್ಯವಾಗಿ ಮಾತಿನ ಮೇಲೆಯೇ ನಡೆಯಿತು ಎನ್ನುವುದು, ಪರದೆಯೇ ಪುಸ್ತಕವನ್ನು ಸೋಲಿಸಿತು ಎಂಬ ವಾದಕ್ಕೆ ದೊಡ್ಡ ಅಡ್ಡಿ. ಹೋಲಿಕೆಗೆ ನೋಡಿದರೆ, ಸರ್ಕಾರಿ ದೂರವಾಣಿಯ 197 ಕೂಡ ಮಾತಿನ ಸೇವೆಯೇ. ಆದರೆ ಅಲ್ಲಿ ಹೆಸರು ಹೇಳಿದರೆ ಸಂಖ್ಯೆ ಸಿಗುತ್ತಿತ್ತು, ಕಸುಬು ಹೇಳಿದರೆ ಸಿಗುತ್ತಿರಲಿಲ್ಲ. ತೀರ್ಪು ಗುರುತಿಸಿದ ಗೆರೆ ಇಲ್ಲಿಯೂ ಹಾಗೆಯೇ ಮುಂದುವರಿದಿತ್ತು.

ಪುಸ್ತಕದ ಬುಡಕ್ಕೆ ನಿಜವಾದ ಪೆಟ್ಟು ಬಿದ್ದದ್ದು 2003ರ ನಂತರ. ಆ ವರ್ಷ ಮೊಬೈಲ್‌ನ ಒಳಬರುವ ಕರೆ ಉಚಿತವಾಯಿತು, ದರಗಳು ಕುಸಿದವು. 2004ರ ಕೊನೆಯ ತಿಂಗಳುಗಳಲ್ಲಿ ಮೊಬೈಲ್ ಸಂಖ್ಯೆ ಲ್ಯಾಂಡ್‌ಲೈನ್ ಸಂಖ್ಯೆಯನ್ನು ದಾಟಿತು. ಟೆಲಿಫೋನ್ ಡೈರೆಕ್ಟರಿ ನಿಂತಿದ್ದದ್ದೇ ಒಂದು ಸಂಖ್ಯೆ, ಒಂದು ವಿಳಾಸ, ಒಂದೇ ಇಲಾಖೆ ಎಂಬ ಲೆಕ್ಕದ ಮೇಲೆ. ಮೊಬೈಲ್ ಈ ಮೂರನ್ನೂ ಕಳಚಿತು. ಸಂಖ್ಯೆ ಅಂಗಡಿಯಿಂದ ವ್ಯಕ್ತಿಯ ಜೇಬಿಗೆ ಬಂತು. ಒಂದೇ ಊರಿನಲ್ಲಿ ಹಲವು ಕಂಪನಿಗಳು. ಪ್ರೀಪೇಯ್ಡ್ ಸಿಮ್ ಕೊಂಡವನ ವಿಳಾಸ ಪ್ರಕಟಣೆಗೆ ಸಿಗುವಂಥದ್ದಲ್ಲ. ಎಲ್ಲ ಕಂಪನಿಗಳ ಚಂದಾದಾರರನ್ನೂ ಒಳಗೊಂಡ ಡೈರೆಕ್ಟರಿ ಬೇಕೆಂಬ ವಿಚಾರವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2005ರಲ್ಲಿ ಕೈಗೆತ್ತಿಕೊಂಡಿತ್ತು. ಮೊಬೈಲ್ ಚಂದಾದಾರರ ಖಾಸಗಿತನದ ಪ್ರಶ್ನೆ ಅಲ್ಲಿ ಮುಖ್ಯವಾಗಿ ಎದ್ದಿತು. ಮೊಬೈಲ್ ಸಂಖ್ಯೆಗಳ ಸಾರ್ವಜನಿಕ ಡೈರೆಕ್ಟರಿ ದೇಶದಲ್ಲಿ ಬರಲೇ ಇಲ್ಲ. ಆ ಖಾಲಿ ಜಾಗವನ್ನು ಮುಂದೆ ಸ್ವೀಡನ್ನಿನ ಟ್ರೂಕಾಲರ್ ಆ್ಯಪ್ ತುಂಬಿತು. ಇದಕ್ಕೊಂದು ಆಕ್ಷೇಪ ಬರಬಹುದು: ಲ್ಯಾಂಡ್‌ಲೈನ್‌ಗಳು 2004ರಲ್ಲೇ ಮಾಯವಾಗಲಿಲ್ಲ, ಮುದ್ರಿತ ಯೆಲ್ಲೋ ಪೇಜಸ್ ಅದರ ನಂತರವೂ ಕೆಲವು ವರ್ಷ ಬಂದವು, ಹಾಗಿದ್ದಮೇಲೆ ಮೊಬೈಲನ್ನು ಕಾರಣ ಎನ್ನುವುದು ಹೇಗೆ? ಡೈರೆಕ್ಟರಿಯ ಬೆಲೆ ಅದರಲ್ಲಿರುವ ಹಳೆಯ ನಮೂದುಗಳಿಂದ ಬರುವುದಿಲ್ಲ, ಹೊಸದಾಗಿ ಸೇರುವವರಿಂದ ಬರುತ್ತದೆ ಎಂಬುದು ಇದಕ್ಕೆ ಉತ್ತರ. ಆ ವರ್ಷಗಳಲ್ಲಿ ಹೊಸದಾಗಿ ಅಂಗಡಿ ತೆರೆದ, ಹೊಸದಾಗಿ ಕಸುಬಿಗೆ ಇಳಿದ ಬಹುಪಾಲು ಜನ ನೇರವಾಗಿ ಮೊಬೈಲಿಗೇ ಬಂದರು. ಲ್ಯಾಂಡ್‌ಲೈನ್ ಸಂಖ್ಯೆಗಳ ಮುಂದೆ 2 ಸೇರಿಸಿ ಉದ್ದ ಮಾಡಿದ್ದೂ ಸುಮಾರು ಆಗಲೇ. ಮನೆಯಲ್ಲಿದ್ದ ಹಳೆಯ ಪ್ರತಿ ಅದರಿಂದ ಇನ್ನಷ್ಟು ಹಳತಾಯಿತು. ಮೂರನೆಯ ಬಗೆಯ ಪುಸ್ತಕ, ಸಂಘಗಳ ಸದಸ್ಯರ ಪಟ್ಟಿ, ಮಾತ್ರ ಈ ಪೆಟ್ಟಿನಿಂದ ಹೆಚ್ಚು ನೊಂದಿಲ್ಲ. ಉದಾಹರಣೆಗೆ, ಯಂತ್ರದ ಬಿಡಿಭಾಗ ಕೊಳ್ಳುವವರೂ ಮಾರುವವರೂ ಕೆಲವೇ ಜನ. ಅವರ ನಂಬಿಕೆ ಸಂಘದ ಮೇಲಿರುತ್ತದೆ.

ವೆಬ್ ಆಧಾರಿತ ಪಟ್ಟಿಗಳು ಆರಂಭದಲ್ಲಿ ಬೀದಿಯ ಅಂಗಡಿಯತ್ತ ನೋಡಲಿಲ್ಲ. 1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್ ಭಾರತದ ರಫ್ತುದಾರರನ್ನು ವಿದೇಶಿ ಕೊಳ್ಳುಗರಿಗೆ ತೋರಿಸುವ ಡೈರೆಕ್ಟರಿಯಾಗಿತ್ತು. ದೇಶದೊಳಗಿನ ವ್ಯಾಪಾರ ಅದರ ಮುಖ್ಯ ನೆಲೆಯಾದದ್ದು ಆಮೇಲೆ. ಸಾಮಾನ್ಯ ಕಸುಬುದಾರ ಪರದೆಯ ಮೇಲೆ ಕಾಣಿಸಿಕೊಂಡದ್ದು ನಕ್ಷೆಯ ಮೂಲಕ, ಅದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಭಾರತದ ಊರುಗಳಿಗೆ ಒಳ್ಳೆಯ ರಸ್ತೆ ನಕ್ಷೆಯೇ ಸಿಗದ ಕಾಲದಲ್ಲಿ ಗೂಗಲ್‌ನ ಇಲ್ಲಿನ ಕಚೇರಿಯ ಲಲಿತೇಶ್ ಕಟ್ರಗಡ್ಡ ಮತ್ತು ಸಂಜಯ್ ಜೈನ್ ರೂಪಿಸಿದ ಮ್ಯಾಪ್ ಮೇಕರ್ 2008ರಲ್ಲಿ ಬಂತು. ಓಣಿ, ದೇವಸ್ಥಾನ, ಔಷಧಿ ಅಂಗಡಿಗಳನ್ನು ಸ್ಥಳೀಯರೇ ಗುರುತಿಸಿ ಸೇರಿಸುತ್ತಾ ಹೋದರು. 2017ರಲ್ಲಿ ಆ ಸಾಧನ ಮುಚ್ಚಿತು. ಜನ ಸೇರಿಸಿದ್ದು ಕಂಪನಿಯ ನಕ್ಷೆಯಲ್ಲಿ ಉಳಿಯಿತು. 2014ರಲ್ಲಿ ವ್ಯಾಪಾರಿಗಳಿಗೇ ತಮ್ಮ ನಮೂದು ತಿದ್ದಿಕೊಳ್ಳುವ ಮೈ ಬಿಸಿನೆಸ್ ಖಾತೆ ಬಂದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಅಗ್ಗದ ಡೇಟಾ ತಂದ ಮೇಲೆ, 2018ರ ಜನವರಿಯಲ್ಲಿ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಬಂದ ಮೇಲೆ, ಹಣ ಕೊಡದೆಯೂ ಕಸುಬಿನ ಹೆಸರಿನಲ್ಲಿ ಸಿಗುವುದು ಮೊದಲ ಬಾರಿಗೆ ಸಾಮಾನ್ಯ ಸಂಗತಿಯಾಯಿತು. ಎರಡು ದಶಕ ಬೇರೆಯಾಗಿದ್ದ ಪೂರ್ತಿ ಪಟ್ಟಿ ಮತ್ತು ವೃತ್ತಿವಾರು ಪಟ್ಟಿ ಇಲ್ಲಿ ಮತ್ತೆ ಕೂಡಿದವು. ಹಳೆಯ ಡೈರೆಕ್ಟರಿ ಉದ್ಯಮದ ಆಸ್ತಿ ಈ ಹೊತ್ತಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಯೆಲ್ಲೋ ಪೇಜಸ್ ಹಿನ್ನೆಲೆಯ ಗೆಟ್‌ಇಟ್ ಕಂಪನಿಯ ಜೊತೆ ಸೇರಿದ್ದ ಆನ್‌ಲೈನ್ ತಾಣ ಆಸ್ಕ್‌ಮಿ 2016ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಜಸ್ಟ್‌ಡಯಲ್ 2013ರಲ್ಲಿ ಷೇರುಪೇಟೆಗೆ ಬಂದು, 2021ರಲ್ಲಿ ರಿಲಯನ್ಸ್ ರಿಟೇಲ್ ತೆಕ್ಕೆಗೆ ಸೇರಿತು.

ಆನ್‌ಲೈನ್ ಪಟ್ಟಿಗಳು ಸಣ್ಣವರನ್ನು ಒಳಗೆ ತಂದವು ಎಂಬುದನ್ನು ಒಪ್ಪಲೇಬೇಕು. ಮುದ್ರಣ ಯುಗ ಅವರಿಗೆ ಇಷ್ಟನ್ನೂ ಮಾಡಿರಲಿಲ್ಲ. ಹಾಗೆಂದು ಸಮಸ್ಯೆ ಮುಗಿಯಿತು ಎನ್ನುವ ವಾದ ನಿಲ್ಲುವುದಿಲ್ಲ. ಮುದ್ರಿತ ಪುಟದಲ್ಲಿ ಹಣ ಕೊಟ್ಟದ್ದು ಕಣ್ಣಿಗೆ ಕಾಣುತ್ತಿತ್ತು: ದೊಡ್ಡ ಚೌಕಟ್ಟು ಎಂದರೆ ಜಾಹೀರಾತು, ಉಳಿದದ್ದು ಅಕಾರಾದಿ. ಪರದೆಯಲ್ಲಿ ಯಾರು ಮೊದಲು ಬರುತ್ತಾರೆ ಎಂಬುದನ್ನು ತೀರ್ಮಾನಿಸುವ ಲೆಕ್ಕ ಕಂಪನಿಯ ಒಳಗಿದೆ. 2018ರ ಫೆಬ್ರುವರಿಯಲ್ಲಿ ಸ್ಪರ್ಧಾ ಆಯೋಗ ಹುಡುಕಾಟದಲ್ಲಿನ ಪಕ್ಷಪಾತಕ್ಕಾಗಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿದ್ದು ಈ ಬಗೆಯ ದೂರಿನ ಮೇಲೆಯೇ. ಗ್ರಾಹಕರ ವಿಮರ್ಶೆ, ನಕ್ಷತ್ರಗಳೇ ಹೊಸ ಕಾಲದ ಪರಿಶೀಲನೆ ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಪುಸ್ತಕದಲ್ಲಿ ಗಿರಾಕಿಯ ಮಾತಿಗೆ ಜಾಗವೇ ಇರಲಿಲ್ಲ. ಆದರೆ ನಕಲಿ ವಿಮರ್ಶೆಯ ಹಾವಳಿ ಎಷ್ಟಾಯಿತೆಂದರೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಅದಕ್ಕೆಂದೇ ಐಎಸ್ 19000 ಎಂಬ ಮಾನದಂಡ ತರಬೇಕಾಯಿತು. ನಕ್ಷೆಯಲ್ಲಿ ಬ್ಯಾಂಕ್ ಶಾಖೆಗಳ ಫೋನ್ ಸಂಖ್ಯೆಯನ್ನೇ ಬದಲಿಸಿ ಗ್ರಾಹಕರನ್ನು ವಂಚಿಸಿದ ಪ್ರಕರಣಗಳು 2018ರಲ್ಲಿ ಮಹಾರಾಷ್ಟ್ರದಲ್ಲಿ ಬಯಲಾದವು. ಇಲಾಖೆಯ ಡೈರೆಕ್ಟರಿ ಹಳತಾಗಿರಬಹುದಿತ್ತು, ಆದರೆ ಹೊರಗಿನವರು ರಾತ್ರೋರಾತ್ರಿ ಅದರ ಒಳಗೆ ಕೈಯಾಡಿಸುವಂತಿರಲಿಲ್ಲ.

ಹಿಡಿತದ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಸಾಕ್ಷಿ ಈಚಿನದು. 2017ರ ಜನವರಿಯಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ದೆಹಲಿಯಲ್ಲಿ ಭಾರತದ ಸಣ್ಣ ವ್ಯಾಪಾರಿಗಳಿಗಾಗಿ ಉಚಿತ ವೆಬ್‌ಸೈಟ್ ಯೋಜನೆ ಪ್ರಕಟಿಸಿದರು. ಫೋನಿನಲ್ಲೇ ಕೆಲವು ನಿಮಿಷದಲ್ಲಿ ಪುಟ ಸಿದ್ಧವಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಅಂಥ ಎಲ್ಲ ವೆಬ್‌ಸೈಟ್‌ಗಳನ್ನೂ ಕಂಪನಿ ನಿಲ್ಲಿಸಿತು. ಜೂನ್‌ವರೆಗೆ ಆ ವಿಳಾಸಗಳು ನಕ್ಷೆಯ ನಮೂದಿಗೆ ಒಯ್ಯುತ್ತಿದ್ದವು, ಅನಂತರ ಅದೂ ಇಲ್ಲ. ತನ್ನ ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ ಆ ವಿಳಾಸ ಬರೆಸಿದವನು ಅದನ್ನು ಅಳಿಸಬೇಕಾಯಿತು. ಭಾಷೆಯ ವಿಷಯದಲ್ಲೂ ನಿರ್ಧಾರ ಹೊರಗಿನದೇ. ಗೂಗಲ್ ನಕ್ಷೆ 2021ರ ಜನವರಿಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ ಸ್ಥಳನಾಮಗಳನ್ನು ಯಂತ್ರದಿಂದ ಲಿಪ್ಯಂತರ ಮಾಡಿ ತೋರಿಸತೊಡಗಿತು. ಕನ್ನಡದಲ್ಲಿ ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಆದರೆ ಅಂಗಡಿಯ ಹೆಸರಿನ ಕನ್ನಡ ಕಾಗುಣಿತ ಯಂತ್ರ ಊಹಿಸಿದ್ದಾಗಿರುತ್ತದೆ, ಮಾಲೀಕ ಬೋರ್ಡಿನಲ್ಲಿ ಬರೆಸಿದ್ದೇ ಆಗಿರಬೇಕೆಂದಿಲ್ಲ.

ಸರ್ಕಾರದ ಬಳಿ ಈಗ ಹಿಂದೆಂದೂ ಇಲ್ಲದಷ್ಟು ವಿಸ್ತಾರವಾದ ಪಟ್ಟಿಗಳಿವೆ. 2017ರ ಜುಲೈಯಿಂದ ಜಿಎಸ್‌ಟಿ ನೋಂದಣಿ, 2020ರ ಜುಲೈಯಿಂದ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ. ಜಿಎಸ್‌ಟಿ ಸಂಖ್ಯೆ ಕೊಟ್ಟರೆ ವ್ಯಾಪಾರದ ಹೆಸರು, ನೋಂದಣಿಯ ಸ್ಥಿತಿ ಯಾರಿಗೂ ತಿಳಿಯುತ್ತದೆ. ಇಂಥ ಬೀದಿಯಲ್ಲಿ ಇಂಥ ಕಸುಬಿನವರು ಯಾರಿದ್ದಾರೆ ಎಂದು ಕೇಳಲು ಅಲ್ಲಿ ದಾರಿಯಿಲ್ಲ. 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಓಎನ್‌ಡಿಸಿ ಎಂಬ ಮುಕ್ತ ಡಿಜಿಟಲ್ ವ್ಯಾಪಾರ ಜಾಲ ಮರುವರ್ಷ ಏಪ್ರಿಲ್‌ನಲ್ಲಿ ಬೆಂಗಳೂರು, ಕೊಯಮತ್ತೂರು, ಭೋಪಾಲ್, ಶಿಲ್ಲಾಂಗ್ ಮತ್ತು ದೆಹಲಿ ವಲಯದಲ್ಲಿ ಪ್ರಯೋಗ ಆರಂಭಿಸಿತು. ಒಂದು ಆ್ಯಪಿನಲ್ಲಿ ಸೇರಿದ ಮಾರಾಟಗಾರ ಬೇರೆ ಆ್ಯಪಿನ ಗಿರಾಕಿಗೂ ಕಾಣಬೇಕು ಎಂಬುದು ಅದರ ವಿನ್ಯಾಸ. ಒಂದೇ ಕಂಪನಿಯ ಪುಟಕ್ಕೆ ಕಟ್ಟುಬೀಳದೆ ವ್ಯಾಪಾರಿಯ ನಮೂದನ್ನು ಇಡುವ ಗಂಭೀರ ಪ್ರಯತ್ನಗಳಲ್ಲಿ ಇದು ಒಂದು. ಆದರೆ ಈ ಜಾಲ ಕಟ್ಟಿರುವುದು ಆರ್ಡರ್ ಮತ್ತು ಸಾಗಣೆಯ ಸುತ್ತ. ಕರೆ ಮಾಡಿ ಮನೆಗೆ ಕರೆಸಿಕೊಳ್ಳುವ ಎಲೆಕ್ಟ್ರಿಷಿಯನ್ ಇಂದಿಗೂ ಹೆಚ್ಚಾಗಿ ಸಿಗುವುದು ಖಾಸಗಿ ನಕ್ಷೆಯಲ್ಲಿ ಅಥವಾ ಪಕ್ಕದ ಮನೆಯವರು ಕಳಿಸುವ ವಾಟ್ಸ್‌ಆ್ಯಪ್ ಸಂಖ್ಯೆಯಲ್ಲಿ.