ಒಕ್ಕ, ಜಮ್ಮಾ ಭೂಮಿ ಮತ್ತು ವಿಶ್ವಾಸ: ಹತ್ತೊಂಬತ್ತನೆಯ ಶತಮಾನದ ಕೊಡಗಿನಲ್ಲಿ ಕ್ರೈಸ್ತ ಸುವಾರ್ತೆಯ ಹಾದಿ

1852ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು. ದೀಕ್ಷೆ ಕೊಟ್ಟವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಧರ್ಮಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ಹನ್ನೊಂದು ವರ್ಷದ ಆ ಹುಡುಗಿಗೆ ರಾಣಿಯ ಹೆಸರನ್ನೇ ಸೇರಿಸಿ ವಿಕ್ಟೋರಿಯಾ ಗೌರಮ್ಮ ಎಂದು ಕರೆದರು. ಲಂಡನ್ನಿನ ಪತ್ರಿಕೆಗಳು ಸಂಭ್ರಮದಿಂದ ಬರೆದವು. ಕೊಡಗಿನಲ್ಲಿ ಮಾತ್ರ ಇದರಿಂದ ಏನೂ ಕದಲಲಿಲ್ಲ. ಅರಸನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳಿಸಿ ಹದಿನೆಂಟು ವರ್ಷವಾಗಿತ್ತು. ಅವನ ಮನೆತನದ ಧರ್ಮ ಇನ್ನು ನಾಡಿನ ಧರ್ಮವಾಗಿ ಉಳಿದಿರಲಿಲ್ಲ.

ಮರುವರ್ಷ, 1853ರಲ್ಲಿ, ಅಲ್ಮಂಡ ಎಂಬ ಒಕ್ಕದ, ಎಂದರೆ ಒಂದೇ ಮೂಲಪುರುಷನ ಕೂಡುಕುಟುಂಬದ, ಸೋಮಯ್ಯ ಎನ್ನುವ ಕೊಡವರೊಬ್ಬರು ಕ್ರೈಸ್ತರಾಗಿ ಸ್ತೆಫಾನ ಎಂಬ ಹೆಸರು ತೆಗೆದುಕೊಂಡರು. ಅಲ್ಲಿ ರಾಣಿ ಇರಲಿಲ್ಲ, ಆರ್ಚ್‌ಬಿಷಪ್ಪರೂ ಇರಲಿಲ್ಲ. ಆದರೆ ಕೊಡಗು ಕಲಕಿದ್ದು ಇದಕ್ಕೆ. ರಾಜಕುಮಾರಿಯ ಮತಾಂತರಕ್ಕೆ ಸುಮ್ಮನಿದ್ದ ನಾಡು ಒಬ್ಬ ಗೃಹಸ್ಥನ ಮತಾಂತರಕ್ಕೆ ಯಾಕೆ ಹೀಗೆ ಎದ್ದು ನಿಂತಿತು ಎನ್ನುವುದೇ ಈ ಲೇಖನದ ಪ್ರಶ್ನೆ. ಕೊಡಗಿನಲ್ಲಿ ಸುವಾರ್ತೆ ಎಲ್ಲಿ ಬೇರುಬಿಟ್ಟಿತು, ಎಲ್ಲಿ ಬಿಡಲಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಪ್ರಸಂಗಗಳ ಶಕ್ತಿಗಿಂತ ಹೆಚ್ಚಾಗಿ ಭೂಮಿಯ ಹಿಡುವಳಿ ಎಂಬುದು ನನ್ನ ವಾದ. ಆತ್ಮದ ಎಚ್ಚರ ಒಳಗಿನದು, ನಿಜ. ಎಚ್ಚರವಾದವನು ಮರುದಿನ ಯಾರ ಗದ್ದೆಗೆ ಇಳಿಯುತ್ತಾನೆ, ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಸೋಮಯ್ಯನವರಿಗಿಂತ ಮೊದಲೂ ಕೊಡಗಿನಲ್ಲಿ ಕ್ರೈಸ್ತರಿದ್ದರು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಕರಾವಳಿಯ ಕೊಂಕಣಿ ಕ್ಯಾಥೊಲಿಕ್ಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿಂದ ತಪ್ಪಿಸಿಕೊಂಡವರಲ್ಲಿ ಕೆಲವರು ಕೊಡಗಿನ ಕಾಡುದಾರಿ ಹಿಡಿದು ದೊಡ್ಡವೀರರಾಜೇಂದ್ರನ ಆಶ್ರಯಕ್ಕೆ ಬಂದರು. ರಾಜ ಅವರಿಗೆ ತಾನು ಹೊಸದಾಗಿ ಕಟ್ಟಿಸುತ್ತಿದ್ದ ವೀರರಾಜೇಂದ್ರಪೇಟೆಯಲ್ಲಿ ನೆಲೆ ಕೊಟ್ಟ. ಇಂದಿನ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ತನ್ನ ಆರಂಭವನ್ನು 1792ಕ್ಕೆ ಕೊಂಡೊಯ್ಯುತ್ತದೆ. ಲಿಂಗವಂತ ಅರಸನೊಬ್ಬ ಕ್ರೈಸ್ತ ನಿರಾಶ್ರಿತರಿಗೆ ನೆಲ ಕೊಟ್ಟ ಈ ಪ್ರಸಂಗಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳು ಇನ್ನೂ ತಕ್ಕ ಜಾಗ ಕೊಟ್ಟಿಲ್ಲ. ಆದರೆ ವಿರಾಜಪೇಟೆಯ ಆ ಸಭೆ ವಿಶ್ವಾಸವನ್ನು ಉಳಿಸಿಕೊಂಡ ಸಭೆ, ಹೊರಗಿನವರಿಗೆ ಹಂಚಲು ಹೊರಟದ್ದಲ್ಲ. ಸೆರೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವರು ತಮ್ಮ ಪ್ರಾರ್ಥನೆ, ಮದುವೆ, ಮಣ್ಣುಗಳನ್ನು ತಮ್ಮಲ್ಲೇ ಕಾಪಾಡಿಕೊಂಡರು. ನೆರೆಯ ಒಕ್ಕಗಳ ಜೊತೆ ಅವರಿಗೆ ವ್ಯಾಪಾರವಿತ್ತು, ತಕರಾರು ಇರಲಿಲ್ಲ.

ತಕರಾರು ತಂದದ್ದು ಬೇರೊಂದು ಬಗೆಯ ಕ್ರೈಸ್ತ ಧರ್ಮ. ಕೊಡಗು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದ 1834ರಲ್ಲೇ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿತು: ಸಾಮುವೆಲ್ ಹೆಬಿಕ್, ಯೊಹಾನ್ನೆಸ್ ಲೆಹ್ನರ್, ಕ್ರಿಸ್ಟೊಫ್ ಗ್ರೈನರ್. ಈ ಮಿಷನ್ನಿನ ಬಹುಪಾಲು ಕಾರ್ಯಕರ್ತರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು, ಪಿಯೆಟಿಸ್ಟ್ ಎಂಬ ಭಕ್ತಿಪಂಥದಲ್ಲಿ ಬೆಳೆದವರು. ಆ ಪಂಥದಲ್ಲಿ ಚರ್ಚಿನಲ್ಲಿ ಹುಟ್ಟಿದ್ದು ಸಾಲದು. ಮನುಷ್ಯ ತನ್ನ ಪಾಪವನ್ನು ತಾನೇ ಕಂಡು, ಅತ್ತು, ಒಂದು ದಿನ ಒಳಗೆ ಎಚ್ಚರಗೊಳ್ಳಬೇಕು. ಆ ಎಚ್ಚರದ ಕಥೆಯನ್ನು ಇನ್ನೊಬ್ಬರ ಮುಂದೆ ಹೇಳಬೇಕು. ಬಾಸೆಲಿನ ತರಬೇತಿ ಶಾಲೆಗೆ ಸೇರಬಯಸಿದವರು ತಮ್ಮ ಆತ್ಮದ ಬದುಕಿನ ವೃತ್ತಾಂತವನ್ನು ಕೈಯಾರೆ ಬರೆದು ಒಪ್ಪಿಸಬೇಕಿತ್ತು. ಹೀಗೆ ಒಬ್ಬೊಬ್ಬನ ಅಂತರಂಗವನ್ನೇ ಧರ್ಮದ ನೆಲೆಯಾಗಿ ಕಂಡವರು, ಒಬ್ಬೊಬ್ಬನಿಗೆ ಬೇರೆ ಅಸ್ತಿತ್ವವೇ ಇಲ್ಲದ ಒಕ್ಕದ ನಾಡಿಗೆ ಬಂದರು.

ಇದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. ಕನ್ನಡದ ಓದುಗರಿಗೆ ಅವರು 1843ರ 'ಮಂಗಳೂರು ಸಮಾಚಾರ'ದ ಸಂಪಾದಕರಾಗಿ, ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ಕಲ್ಲಚ್ಚಿನಲ್ಲಿ ಹೊರತಂದವರಾಗಿ ಪರಿಚಿತರು. ಕೊಡಗಿನ ಮೊಗ್ಲಿಂಗ್ ಅಷ್ಟು ಪರಿಚಿತರಲ್ಲ. ಕೊಡಗಿಗೆ ಬರುವ ಮೊದಲೇ ಅವರು ಎರಡು ಪಾಠ ಕಲಿತಿದ್ದರು. ಗದಗ-ಬೆಟಗೇರಿಯ ಹತ್ತಿರದ ಮಲಸಮುದ್ರದಲ್ಲಿ, ಮುಂದಾಗುವುದನ್ನು ಹೇಳುವ ಕಾಲಜ್ಞಾನದ ವಚನಗಳನ್ನು ನಂಬಿದ ಜನರು ಊರುಗಟ್ಟಲೆ ಸುವಾರ್ತೆಗೆ ಬರುತ್ತಾರೆಂಬ ಭರವಸೆಯಲ್ಲಿ 1840ರ ದಶಕದ ಆರಂಭದಲ್ಲಿ ಮಿಷನ್ ಭೂಮಿ ಹಿಡಿದು ವಸಾಹತು ಮಾಡಿತು. ಜನ ಬರಲಿಲ್ಲ. ಇತ್ತ ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದಾಗ ಊರೇ ಉರಿದೆದ್ದಿತು. ಗುಂಪಾಗಿ ಬರುತ್ತಾರೆಂದುಕೊಂಡವರು ಬರಲಿಲ್ಲ. ಬಂದ ಒಬ್ಬೊಬ್ಬನಿಗೂ ಮನೆಯೇ ಇಲ್ಲವಾಯಿತು.

1852ರ ಹೊತ್ತಿಗೆ ಮೊಗ್ಲಿಂಗರ ಆರೋಗ್ಯ ಕೆಟ್ಟಿತ್ತು. ಊರಿಗೆ ಮರಳುವ ಸಿದ್ಧತೆ ನಡೆದಿತ್ತು. ಆಗ ಘಟ್ಟದಿಂದ ಇಳಿದು ಬಂದವರು ಸೋಮಯ್ಯ. ಇದು ಬಹುಮುಖ್ಯ ಸಂಗತಿ: ಕೊಡಗಿನ ಪ್ರಾಟೆಸ್ಟೆಂಟ್ ಮಿಷನ್ ಆರಂಭವಾದದ್ದು ಪಾದ್ರಿ ಘಟ್ಟ ಹತ್ತಿದ್ದರಿಂದಲ್ಲ, ಕೊಡವರೊಬ್ಬರು ಪಾದ್ರಿಯನ್ನು ಹುಡುಕಿಕೊಂಡು ಘಟ್ಟ ಇಳಿದದ್ದರಿಂದ. ದೀಕ್ಷೆಯಾದ ಮೇಲೆ ಸೋಮಯ್ಯನವರು ತಮ್ಮ ಮನೆಗೆ ಬನ್ನಿ ಎಂದು ಮೊಗ್ಲಿಂಗರನ್ನು ಕರೆದರು. ಜರ್ಮನಿಯ ಪ್ರಯಾಣ ಕೈಬಿಟ್ಟು, ಸ್ವಂತ ಹೊಣೆಯ ಮೇಲೆ ಅವರು ಹೊರಟರು. 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ಇಂಗ್ಲಿಷ್ ಪುಸ್ತಕ 'ಕೂರ್ಗ್ ಮೆಮೊಯಿರ್ಸ್' ಕೊಡಗಿನ ಅರಸರ ಚರಿತ್ರೆಯನ್ನೂ ಕೊಡಗಿನ ಮಿಷನ್ನಿನ ಕಥೆಯನ್ನೂ ಒಂದೇ ರಟ್ಟಿನೊಳಗೆ ಹೇಳುತ್ತದೆ.

ಕೊಡವರ ವಿರೋಧವನ್ನು ಬರೀ ಹಟವೆಂದು ಬರೆದವರಿದ್ದಾರೆ. ಅದು ಅನ್ಯಾಯ. ಒಕ್ಕದ ಮೂಲಮನೆಯಾದ ಐನ್‌ಮನೆಯೊಂದರ ಒಳಗೆ ಹೋಗಿ ನೋಡಿದರೆ ಅವರ ಆತಂಕ ಅರ್ಥವಾಗುತ್ತದೆ. ನಡುಮನೆಯಲ್ಲಿ, ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪ. ಸಂಜೆ ಅದನ್ನು ಹಚ್ಚಿ ಗುರುಕಾರಣನನ್ನು, ಎಂದರೆ ಒಕ್ಕದ ಮೂಲಪುರುಷನನ್ನು, ನೆನೆಯುತ್ತಾರೆ. ಹೊರಗೆ ಹಿರಿಯರ ಗುಡಿ, ಕೈಮಡ. ಅಲ್ಲಿ ಹಿರಿಯರಿಗೆ ವರ್ಷಕ್ಕೊಮ್ಮೆ ಕೋಳಿ, ಅನ್ನ, ಕಳ್ಳಿನ ಎಡೆ. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಗದ್ದೆಯಿಂದ ಹೊಸ ತೆನೆ ತಂದು ಕಟ್ಟುವುದೂ ಇದೇ ಮನೆಯಲ್ಲಿ. ಇದರಲ್ಲಿ ಯಾವುದನ್ನೂ ಒಬ್ಬೊಬ್ಬನೇ ಮಾಡುವಂತಿಲ್ಲ. ಮಾಡಬೇಕಾದವರು ಒಕ್ಕದವರು, ಒಟ್ಟಾಗಿ. ಪಿಯೆಟಿಸ್ಟ್ ಪಾದ್ರಿಯ ಕಣ್ಣಿಗೆ ಆ ದೀಪ, ಆ ಎಡೆ ಎರಡೂ ವಿಗ್ರಹಾರಾಧನೆ. ಹೊಸ ವಿಶ್ವಾಸಿ ಅದರಿಂದ ಕೈ ತೆಗೆಯಲೇಬೇಕು. ಕೈ ತೆಗೆದವನು ಒಕ್ಕದ ಪಾಲಿಗೆ ಏನಾದಂತೆ?

ಇಲ್ಲಿಗೆ ಭೂಮಿ ಬರುತ್ತದೆ. ಕೊಡವರ ಗದ್ದೆ ಬಹುಮಟ್ಟಿಗೆ ಜಮ್ಮಾ ಹಿಡುವಳಿಯಾಗಿತ್ತು. ಅರಸನಿಗೆ ಸೇನಾಸೇವೆ, ಕಾವಲುಸೇವೆ ಸಲ್ಲಿಸುವ ಹೊಣೆಯ ಮೇಲೆ ಬಂದದ್ದು. ಕಂಪೆನಿ ಸರ್ಕಾರವೂ ಅದನ್ನು ಹಾಗೆಯೇ ಉಳಿಸಿತು. ಸಾಮಾನ್ಯ ಸಾಗು ಭೂಮಿಗೆ 100 ಬಟ್ಟಿಗೆ (ಬಟ್ಟಿ ಎಂದರೆ ಗದ್ದೆಯ ಅಳತೆ) 10 ರೂಪಾಯಿ ಕಂದಾಯವಿದ್ದರೆ ಜಮ್ಮಾ ಭೂಮಿಗೆ 5 ರೂಪಾಯಿ ಇತ್ತು. ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಯಜಮಾನ ಒಕ್ಕದ ಹೆಸರಿನಲ್ಲಿ ನೋಡಿಕೊಳ್ಳುವುದು, ಎಲ್ಲರೂ ಅದರಲ್ಲೇ ಉಣ್ಣುವುದು. ಮತ ಬಿಟ್ಟವನು ಪಿತ್ರಾರ್ಜಿತ ಹಕ್ಕು ಕಳೆದುಕೊಳ್ಳುವುದಿಲ್ಲ ಎಂಬ 1850ರ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಅಷ್ಟರಲ್ಲಿ ಬಂದಿತ್ತು. ಆದರೆ ಆ ಕಾಯಿದೆ ಕಲ್ಪಿಸಿಕೊಂಡದ್ದು ಪಾಲು ತೆಗೆದುಕೊಂಡು ಹೊರಬರಬಲ್ಲ ವಾರಸುದಾರನನ್ನು. ಪಾಲೇ ಇಲ್ಲದ ಆಸ್ತಿಯಲ್ಲಿ ಹಕ್ಕು ಎಂದರೆ ಅದೇ ಮನೆಯಲ್ಲಿ, ಅದೇ ಸಾಲಿನಲ್ಲಿ ಕುಳಿತು ಉಣ್ಣುವ ಹಕ್ಕು. ಅದನ್ನು ಯಾವ ಕಮಿಷನರನ ಹುಕುಂ ಕೊಡಿಸಬಲ್ಲದು? ಸೋಮಯ್ಯನವರ ಬೆನ್ನ ಹಿಂದೆ ಕೊಡವರು ಸಾಲುಗಟ್ಟಿ ಬರಲಿಲ್ಲ. ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಪ್ರಸಿದ್ಧ ಅಧ್ಯಯನದಲ್ಲಿ ಒಕ್ಕವನ್ನು ಕೊಡವ ಧರ್ಮದ ಮೂಲ ಘಟಕವೆಂದು ವಿವರಿಸುತ್ತಾರೆ. ಅದನ್ನು ಓದಿ ಮೊಗ್ಲಿಂಗರ ಪುಸ್ತಕಕ್ಕೆ ಮರಳಿದರೆ, ಅವರು ಎದುರಿಸಿದ್ದು ವ್ಯಕ್ತಿಗಳ ಹೃದಯಕಾಠಿನ್ಯವನ್ನಲ್ಲ, ಒಂದು ಇಡೀ ವ್ಯವಸ್ಥೆಯನ್ನು ಎಂಬುದು ಸ್ಪಷ್ಟ.

ಒಕ್ಕ ಇಲ್ಲದವರ, ಜಮ್ಮಾ ಇಲ್ಲದವರ ಕಥೆ ಬೇರೆ. ಕೊಡಗಿನ ಗದ್ದೆಗಳನ್ನು ಉತ್ತು ನಟ್ಟವರು, ದಾಖಲೆಗಳು ಹೊಲೆಯರು, ಎರವರು ಎಂದು ಕರೆಯುವ ಜನ. ಇವರಲ್ಲಿ ಎರಡು ಬಗೆಯ ಜೀತವಿತ್ತು. ಭೂಮಿ ಜಮ್ಮದ ಆಳುಗಳು ನೆಲಕ್ಕೆ ಅಂಟಿದವರು. ಅವರನ್ನು ಆ ನೆಲದಿಂದ ಬೇರ್ಪಡಿಸಿ ಮಾರುವಂತಿಲ್ಲ. ಒಕ್ಕಲು ಜಮ್ಮದ ಆಳುಗಳು ಒಡೆಯನ ಸ್ವಂತ ಸ್ವತ್ತು. ಅವರನ್ನು ಮಾರಬಹುದು, ಅಡವಿಡಬಹುದು. 1843ರ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ತೆಗೆದುಹಾಕಿತು. ಕಾಗದದಲ್ಲಿ ಸ್ವತಂತ್ರರಾದವರಿಗೆ ನಿಲ್ಲಲು ಅಂಗೈಯಗಲ ನೆಲವಿರಲಿಲ್ಲ. ಹೀಗಾಗಿ ಹಳೆಯ ಒಡೆಯನ ಗದ್ದೆಯಲ್ಲೇ ಉಳಿದರು.

ಮೊಗ್ಲಿಂಗರು ಇವರಿಗಾಗಿ 1850ರ ದಶಕದ ಉತ್ತರಾರ್ಧದಲ್ಲಿ ಕಟ್ಟಿದ್ದು ಆನಂದಪುರ. ಅಮ್ಮತ್ತಿ-ಸಿದ್ದಾಪುರದ ಕಡೆಯ ಕಾಡುನೆಲ. ಯುರೋಪಿಯನ್ ಪ್ಲಾಂಟರ್ ಫೌಲರ್ ಮಡಿಕೇರಿಯಲ್ಲಿ ಮೊದಲ ಕಾಫಿ ತೋಟ ತೆರೆದದ್ದು 1854ರಲ್ಲಿ. ಅದೇ ಗಾಳಿಯಲ್ಲಿ ಆನಂದಪುರವೂ ಕಾಫಿಯನ್ನೇ ನಂಬಿತು. ಒಡೆಯನನ್ನು ಬಿಟ್ಟು ಬಂದವನಿಗೆ ಕೂಲಿ, ಗುಡಿಸಲು, ಮಕ್ಕಳಿಗೆ ಅಕ್ಷರ, ಭಾನುವಾರ ಪ್ರಾರ್ಥನೆ, ಎಲ್ಲವೂ ಒಂದೇ ಆವರಣದಲ್ಲಿ. ಮೊಗ್ಲಿಂಗರ ಪತ್ನಿ ಪೌಲೀನ್, ಮಿಷನರಿ ವೈಗ್ಲೆಯವರ ವಿಧವೆ, ಈ ಕೆಲಸದಲ್ಲಿ ಜೊತೆಗಿದ್ದರು. ಕೌಂಡಿನ್ಯರು ಅಷ್ಟರಲ್ಲಿ ಬಾಸೆಲಿನಲ್ಲಿ ಓದಿ, ಮಿಷನರಿಯಾಗಿ ಮರಳಿ, ಮಂಗಳೂರಿನಲ್ಲಿ ಉಪದೇಶಕರನ್ನು ತಯಾರು ಮಾಡುತ್ತಿದ್ದರು. ತಮ್ಮ ಪಾಲಿಗೆ ಬಂದ ಆಸ್ತಿಯನ್ನು ಅವರು ಆನಂದಪುರದ ಭೂಮಿಗೆ ತೊಡಗಿಸಿದರು. ಬ್ರಾಹ್ಮಣ ಮನೆತನದ ಹಣ ಹೊಲೆಯರ ನೆಲೆಗೆ ಹರಿದದ್ದು ಆ ಕಾಲದ ಕರ್ನಾಟಕದಲ್ಲಿ ಸಣ್ಣ ಮಾತಲ್ಲ.

ಆನಂದಪುರಕ್ಕೆ ಬಂದವರು ಅಕ್ಕಿಗಾಗಿ ಬಂದರೋ ಆತ್ಮಕ್ಕಾಗಿ ಬಂದರೋ ಎಂಬ ಪ್ರಶ್ನೆ ಅಂದೂ ಇತ್ತು. ಮಿಷನರಿಗಳೇ ಅದನ್ನು ಕೇಳಿಕೊಂಡರು. ಪಿಯೆಟಿಸ್ಟ್ ಮನಸ್ಸಿಗೆ ಕಣ್ಣೀರಿನ ಸಾಕ್ಷಿ ಬೇಕು. ಕೆಲಸ ಮತ್ತು ಗುಡಿಸಲಿನ ಜೊತೆ ಬಂದ ವಿಶ್ವಾಸದ ಮೇಲೆ ಅದಕ್ಕೆ ಸದಾ ಅನುಮಾನ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ಕುರಿತ ಕಾಯಿದೆ ಬಂದಾಗ ಕೇಳಿದ 'ಆಮಿಷ' ಎಂಬ ಮಾತು ಈ ಹಳೆಯ ಅನುಮಾನದ ಇನ್ನೊಂದು ರೂಪ. ನನಗೆ ಈ ವಿಂಗಡಣೆಯೇ ತಪ್ಪೆನಿಸುತ್ತದೆ. ತಲೆಮಾರುಗಳಿಂದ ಅಡವಿಡಬಹುದಾದ ಸ್ವತ್ತಾಗಿ ಬದುಕಿದವನಿಗೆ, ನಿನ್ನ ಹೆಸರನ್ನು ದೇವರು ಬಲ್ಲ ಎಂಬ ಮಾತೂ, ಈ ಗುಡಿಸಲಿನಿಂದ ನಿನ್ನನ್ನು ಯಾರೂ ಎಬ್ಬಿಸಲಾರರು ಎಂಬ ಮಾತೂ ಬೇರೆಬೇರೆಯಾಗಿ ಕೇಳಿಸುವುದಿಲ್ಲ. ಹೊಟ್ಟೆ ತುಂಬಿದವನ ಎಚ್ಚರ ಮಾತ್ರ ಶುದ್ಧವೆನ್ನುವುದು ಹೊಟ್ಟೆ ತುಂಬಿದವನ ಮಾತು.

ಹಾಗೆಂದು ಆನಂದಪುರವನ್ನು ಬಿಡುಗಡೆಯ ನಾಡೆಂದು ಹಾಡಿಹೊಗಳುವಂತೆಯೂ ಇಲ್ಲ. ಅಲ್ಲಿ ಪಾದ್ರಿಯೇ ತೋಟದ ಧಣಿ. ಭಾನುವಾರ ಪ್ರಸಂಗ ಮಾಡಿದವರೇ ಸೋಮವಾರ ಕೂಲಿ ಲೆಕ್ಕ ಹಾಕಬೇಕು. ಕೆಲಸ ತಪ್ಪಿಸಿದವನ ತಪ್ಪು ಸಭೆಯ ಶಿಸ್ತಿಗೆ ಸೇರಿದ್ದೋ ತೋಟದ ಶಿಸ್ತಿಗೋ? ಬಾಸೆಲ್ ಮಿಷನ್ನಿನ ಮಂಗಳೂರು ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳಲ್ಲೂ ಇದೇ ಇಕ್ಕಟ್ಟು ಇತ್ತು. ಆನಂದಪುರದಲ್ಲಿ ಅದು ಇನ್ನೂ ತೀವ್ರ, ಯಾಕೆಂದರೆ ಅಲ್ಲಿಗೆ ಬಂದವರು ನಿನ್ನೆಯವರೆಗೆ ಇನ್ನೊಬ್ಬ ಧಣಿಯ ಜೀತದಲ್ಲಿದ್ದವರು.

ಭಾಷೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಕೊಡಗನ್ನು ಆಳಿದ ಹಾಲೇರಿ ಮನೆತನದ ಅರಸರ ಆಡಳಿತ ಕನ್ನಡದಲ್ಲಿತ್ತು, ದೊಡ್ಡವೀರರಾಜೇಂದ್ರನ ಚರಿತ್ರೆ 'ರಾಜೇಂದ್ರನಾಮೆ' ಕನ್ನಡದ್ದು. ಮಿಷನ್ ಕೂಡ ಕನ್ನಡವನ್ನೇ ಹಿಡಿಯಿತು: ಶಾಲೆ, ಸತ್ಯವೇದ, ಕೀರ್ತನೆ ಎಲ್ಲವೂ ಕನ್ನಡ. ಕೊಡವ ತಕ್ಕ್ ಆಡುವವನಿಗೂ ಎರವ ಮಾತನಾಡುವವನಿಗೂ ಪ್ರಾರ್ಥನೆಯ ಭಾಷೆ ಮನೆಯ ಭಾಷೆಯಾಗಿರಲಿಲ್ಲ. ಎರವರ ಮಗುವಿಗೆ ಕನ್ನಡ ಅಕ್ಷರ ಕಚೇರಿಯ ಬಾಗಿಲು ತೆರೆಯುವ ಕೀಲಿಯಾಗಬಹುದಿತ್ತು. ಕೊಡವರಿಗೆ ಆ ಕೀಲಿ ಅರಸರ ಕಾಲದಿಂದಲೇ ಕೈಯಲ್ಲಿತ್ತು, ಅದಕ್ಕಾಗಿ ಚರ್ಚಿಗೆ ಹೋಗಬೇಕಾಗಿರಲಿಲ್ಲ.

ಕೊಡವರ ಜೊತೆಗಿನ ಮಿಷನ್ನಿನ ಸಂಬಂಧ ಮುಂದುವರಿದದ್ದು ಶಾಲೆಯಲ್ಲಿ ಮತ್ತು ಪುಸ್ತಕದಲ್ಲಿ. ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥರಾಗಿ ಒಂದು ತಲೆಮಾರಿನ ಕೊಡವ ಹುಡುಗರಿಗೆ ಇಂಗ್ಲಿಷ್ ಕಲಿಸಿದರು. 1870ರಲ್ಲಿ 'ಮ್ಯಾನ್ಯುಅಲ್ ಆಫ್ ಕೂರ್ಗ್' ಬರೆದರು. ಅದೇ ವರ್ಷ ಎ. ಗ್ರೇಟರ್ ಕೊಡವ ಹಾಡುಗಳನ್ನೂ ಭಾಷೆಯ ವ್ಯಾಕರಣದ ರೂಪುರೇಖೆಯನ್ನೂ ಮಂಗಳೂರಿನಿಂದ ಪ್ರಕಟಿಸಿದರು. ಫರ್ಡಿನಾಂಡ್ ಕಿಟ್ಟೆಲ್ 1870ರ ದಶಕದಲ್ಲಿ ಮಡಿಕೇರಿಯಲ್ಲಿದ್ದು ನಿಘಂಟಿನ ಕೆಲಸದ ನಡುವೆ ಕೊಡವರ ನಂಬಿಕೆಗಳ ಮೇಲೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದರು. ಗುರುಕಾರಣನ ಎಡೆಯನ್ನು ಬಿಡಿಸಲು ಬಂದವರು ಅದನ್ನು ಬರೆದಿಡುವವರಾದರು. ವಿಶ್ವಾಸ ಹಂಚಲು ಹೊರಟವನು ಎದುರಿನವನ ಮಾತನ್ನು ಅಷ್ಟು ವರ್ಷ ಕಿವಿಗೊಟ್ಟು ಕೇಳಿದ್ದಕ್ಕೆ ಬಂದ ಫಲ ಇದು. ಇದನ್ನು ಮಿಷನ್ನಿನ ಸೋಲೆಂದು ಎಣಿಸಲು ನನಗೆ ಮನಸ್ಸಿಲ್ಲ.

ಪತ್ನಿಯ ಅನಾರೋಗ್ಯದಿಂದ ಮೊಗ್ಲಿಂಗರು 1860ರ ಹೊತ್ತಿಗೆ ಜರ್ಮನಿಗೆ ಮರಳಿದರು. ಆನಂದಪುರದ ಸಾಲದ ಹೊರೆ ಅವರ ಬೆನ್ನು ಬಿಡಲಿಲ್ಲ. 1881ರಲ್ಲಿ ಅವರು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕಾಂಡಕೊರಕ ಹುಳು, ಎಲೆರೋಗಗಳು ಕೊಡಗಿನ ಎಷ್ಟೋ ಕಾಫಿ ತೋಟಗಳನ್ನು ಹಾಳುಗೆಡವಿದ್ದವು. 1893ರವರೆಗೆ ಬದುಕಿದ್ದ ಕೌಂಡಿನ್ಯರಿಗೆ ಆನಂದಪುರ ಕೊನೆಯವರೆಗೂ ಎರಡು ಲೆಕ್ಕದ ಊರಾಗಿ ಉಳಿಯಿತು: ಒಂದು ಸಭೆಯ ಸದಸ್ಯರದು, ಇನ್ನೊಂದು ತೋಟದ ಫಸಲಿನದು. ಮುಂದಿನ ದಶಕಗಳಲ್ಲಿ ತಮಿಳುನಾಡು, ಮಲಬಾರುಗಳಿಂದ ತೋಟದ ಕೆಲಸಕ್ಕೆ ಬಂದ ಕ್ರೈಸ್ತರು ಕೊಡಗಿನ ಸಭೆಗಳ ಚಹರೆಯನ್ನೇ ಬದಲಿಸಿದರು. ಅವರೂ ಈ ನಾಡಿಗೆ ಬಂದದ್ದು ನೆಲ ಮತ್ತು ಕೂಲಿಯ ದಾರಿಯಲ್ಲೇ, ಜೊತೆಗೆ ತಮ್ಮ ಜಪಮಾಲೆ, ಸತ್ಯವೇದಗಳನ್ನು ಹಿಡಿದುಕೊಂಡು.