ಬಂದಿಯ ತಲೆಯ ಪೆಟ್ಟು

ರೋಣ ಸೀಮೆಯ ಪುರ್ತಗೇರಿಯಂಥ ಊರಿನಲ್ಲಿ ಹೊಲದ ಬದುವಿಗಾಗಿ ಜಗಳವಾಯಿತೆಂದು ಇಟ್ಟುಕೊಳ್ಳೋಣ. ಬಡಿಗೆಯ ಏಟು ಒಬ್ಬನ ಕಿವಿಯ ಮೇಲ್ಭಾಗಕ್ಕೆ ಬಿತ್ತು. ಗಳಿಗೆಹೊತ್ತು ಎಚ್ಚರ ತಪ್ಪಿತು. ಆಮೇಲೆ ಎದ್ದು ಕುಳಿತ, ನೀರು ಕುಡಿದ, ಎದುರಾಳಿಯನ್ನು ಬೈದ. ಇಬ್ಬರನ್ನೂ ಠಾಣೆಗೆ ಒಯ್ದರು. ರಾತ್ರಿ ಅವನು ವಾಂತಿ ಮಾಡಿದ, ತೊದಲಿದ, ಮಲಗಿಬಿಟ್ಟ. “ಕುಡಿದಾನ, ಮಲಗಲಿ ಬಿಡು” ಎಂದ ಕಾವಲಿನವನಲ್ಲಿ ಕೇಡಿನ ಬುದ್ಧಿ ಇರಬೇಕೆಂದೇನೂ ಇಲ್ಲ. ಆದರೆ ಅದು ನಿದ್ದೆಯಲ್ಲದೆ ಇದ್ದರೆ?

ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತನಾಳ ಹರಿದರೆ ಗಾಯಾಳು ಮೊದಲು ಚೇತರಿಸಿಕೊಂಡಂತೆ ಕಾಣುವುದುಂಟು. ಒಳಗೆ ರಕ್ತ ಕೂಡುತ್ತ ಮಿದುಳನ್ನು ಒತ್ತುತ್ತದೆ. ಕೆಲವೇ ಗಂಟೆಗಳಲ್ಲಿ ಎಚ್ಚರ ಹೋಗುತ್ತದೆ. ವೇಳೆಗೆ ಸರಿಯಾಗಿ ಶಸ್ತ್ರಕ್ರಿಯೆ ಆದರೆ ಬದುಕುವ ಮನುಷ್ಯನೇ ಅವನು.

ರೋಣವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1894ರಲ್ಲಿ, ಕಾರಾಗೃಹಗಳ ಕಾಯ್ದೆ ಬಂದಿತು. ಜೇಲಿಗೆ ಬಂದ ಅಪರಾಧಿ ಬಂದಿಯನ್ನು ಬೇಗನೆ ಪರೀಕ್ಷಿಸಬೇಕು, ಮೈಮೇಲಿನ ಗಾಯ, ಗುರುತುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಅದು ವಿಧಿಸಿತು. ಒಳ್ಳೆಯ ನಿಯಮವೇ. ಆದರೆ ಅದೇ ಪುಸ್ತಕದಲ್ಲಿ ಬಂದಿ ಎಂಥ ದುಡಿಮೆಗೆ ತಕ್ಕವನೆಂಬುದನ್ನೂ ಬರೆಯಬೇಕಿತ್ತು. ಛಡಿಯೇಟು ತಾಳುವನೋ ಇಲ್ಲವೋ ಎಂದು ಹೇಳಬೇಕಾದವನೂ ಅದೇ ವೈದ್ಯನೇ. ಇಂಥ ವೈದ್ಯನ ಮುಂದೆ “ತಲೆ ಸಿಡಿಯುತ್ತದೆ” ಎಂದವನು ಕೆಲಸಗಳ್ಳನಾಗಿ ಕಂಡರೆ ಆಶ್ಚರ್ಯವೇನು?

ಎಚ್ಚರವನ್ನು ಅಳೆಯುವ ಒಂದು ಸರಳ ಕೋಲು 1974ರಲ್ಲಿ ದೊರೆಯಿತು. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ ಆ ಕೋಲಿನ ಈಗಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಅಂಕ. ಪೂರ್ಣ ಎಚ್ಚರವಿದ್ದರೆ 15. ತೀರ ಕಡಿಮೆ ಎಂದರೆ 3. ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡದ್ದೂ ಅದೇ ವರ್ಷ. ಒಂದು ಸಲದ ಅಂಕಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಇಲ್ಲಿ ಹೆಚ್ಚು ಮುಖ್ಯ. ಕುಡಿದವನ ಅಂಕವೂ ಇಳಿದಿರಬಹುದು, ದಿಟ. ಆದರೆ ಹೊತ್ತು ಕಳೆದಂತೆ ಅವನು ತಿಳಿಯಾಗಬೇಕು. ಆಗದಿದ್ದರೆ ತಪ್ಪನ್ನು ಹೆಂಡದ ಮೇಲೆ ಹೊರಿಸಿ ಸುಮ್ಮನಿರುವಂತಿಲ್ಲ.

ಕಾಯ್ದೆಯೂ ಮುಂದೆ ಸಾಗಿತು. ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಬಂಧಿತನು ಕೇಳಿಕೊಂಡರೆ ಸಣ್ಣ ದೊಡ್ಡ ಗಾಯಗಳನ್ನೆಲ್ಲ ಆಗಲೇ ದಾಖಲಿಸಬೇಕು, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯ ಪರೀಕ್ಷೆ ಆಗಬೇಕು ಎಂದಿತು. ಈಗ ಬಂಧನವಾದ ಕೂಡಲೆ ವೈದ್ಯರು ನೋಡಿ, ಗಾಯ ಸುಮಾರು ಯಾವ ಹೊತ್ತಿನದೆಂದು ಬರೆಯಬೇಕೆಂಬುದು ಕಾನೂನು. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ ಈ ವಿಧಿ, 2024ರ ಜುಲೈಯಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಉಳಿದಿದೆ. ಗಾಯದ ಹೊತ್ತನ್ನು ಕೇಳಿದ್ದು ನನಗೆ ಬಹಳ ಹಿಡಿಸಿತು. ಆದರೂ 48 ಗಂಟೆಯ ಲೆಕ್ಕ ಬೇರೆ, ತಲೆಯೊಳಗೆ ಕೂಡುವ ರಕ್ತದ ಲೆಕ್ಕ ಬೇರೆ. ಸಂಜೆ ನೋಡಿಹೋದ ವೈದ್ಯರು ಮರುದಿನ ಬರುವಷ್ಟರಲ್ಲಿ ಒಂದು ಇಡೀ ರಾತ್ರಿ ಕಳೆದಿರುತ್ತದೆ. ಆ ರಾತ್ರಿ ನೋಡುವವನು ಬೀಗದ ಕೈ ಹಿಡಿದವನೊಬ್ಬನೇ.

ಇಂಗ್ಲೆಂಡಿನಲ್ಲಿ ಈ ರಾತ್ರಿಯನ್ನೇ ಗಮನಿಸಿ ನಿಯಮ ಮಾಡಿದ್ದಾರೆ. 1984ರ ಪೋಲೀಸು ಕಾಯ್ದೆಯ ಕೆಳಗಿನ ಸಂಹಿತೆಯ ಪ್ರಕಾರ, ಮತ್ತಿನಲ್ಲಿರುವ ಬಂದಿಯನ್ನು ಅರ್ಧ ಗಂಟೆಗೊಮ್ಮೆಯಾದರೂ ಹೋಗಿ ಎಬ್ಬಿಸಬೇಕು. ಹೆಂಡದ ವಾಸನೆ ಬರುವವನಿಗೆ ತಲೆಪೆಟ್ಟು, ಸಕ್ಕರೆ ಕಾಯಿಲೆ, ಮೂರ್ಛೆರೋಗಗಳೂ ಇರಬಹುದೆಂಬುದನ್ನು ಮರೆಯಬಾರದೆಂದೂ ಅಲ್ಲಿ ಬರೆದಿದೆ. ಎಬ್ಬಿಸಿದ ಮೇಲೆ ಕೇಳುವ ಪ್ರಶ್ನೆಗಳು ಯಾವ ಕಾವಲುಗಾರನ ಬಾಯಿಗೂ ಬರುವಂಥವು: ನಿನ್ನ ಹೆಸರೇನು, ನಿನ್ನ ಊರು ಯಾವುದು, ಈಗ ಎಲ್ಲಿದ್ದೀ? ಬಳಿಕ ಒಂದು ಕೈ ಎತ್ತು, ಇನ್ನೊಂದು ಎತ್ತು ಎನ್ನಬೇಕು.

ಹತ್ತು ಗಂಟೆಗೆ “ಪುರ್ತಗೇರಿ” ಎಂದವನು ಹತ್ತೂವರೆಗೆ ಬರೀ ನರಳಿದರೆ, ಬೆಂಗಾವಲು ಬರಲೆಂದು ಬೆಳಗಿನವರೆಗೆ ಕಾಯುವ ಮಾತಿಲ್ಲ. ಆ ಕ್ಷಣವೇ ಗಾಡಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕು.