ಅಳುಕುತ್ತಲೇ ಪ್ರಜಾಪ್ರಭುತ್ವವನ್ನು ಒಪ್ಪಿದವನು

ಪ್ರಜಾಪ್ರಭುತ್ವದ ಬಗ್ಗೆ ಇವತ್ತಿಗೂ ಜನ ತಿರುತಿರುಗಿ ಓದುವ ಪುಸ್ತಕವೊಂದನ್ನು ಬರೆದವನು ಅದರ ಭಕ್ತನೇನಲ್ಲ. ಅಲೆಕ್ಸಿ ದ ಟಾಕ್‌ವಿಲ್ 1805ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ನಾರ್ಮಂಡಿಯ ಹಳೆಯ ಕುಲೀನ ಮನೆತನ. ಹದಿನಾರನೇ ಲೂಯಿಯ ಪರವಾಗಿ ವಾದಿಸಿದ್ದ ಅವನ ಮುತ್ತಜ್ಜ ಮಾಲ್‌ಜೆರ್ಬ್‌ನನ್ನು ಕ್ರಾಂತಿಕಾರಿಗಳು 1794ರಲ್ಲಿ ಗಿಲೊಟಿನ್‌ಗೆ ಕಳಿಸಿದ್ದರು. ಆಗ ಸೆರೆಯಲ್ಲಿದ್ದ ಅವನ ತಂದೆತಾಯಿ ರೋಬೆಸ್‌ಪಿಯರ್ ಉರುಳಿದ್ದರಿಂದ ಬದುಕುಳಿದರು.

ಇಂಥ ಮನೆಯ ಹುಡುಗ ಕಳೆದುಹೋದ ಅರಸೊತ್ತಿಗೆಗಾಗಿ ಹಂಬಲಿಸುತ್ತ ಕೂತಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಸಮಾನತೆಯತ್ತ ನಡೆಯುತ್ತಿರುವ ಸಮಾಜವನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು ಎಂದು ಟಾಕ್‌ವಿಲ್ ಬಹುಬೇಗ ಅರಿತ. ಅವನನ್ನು ಕಾಡಿದ್ದು ಮುಂದಿನ ಪ್ರಶ್ನೆ: ಸಮಾನರಾದ ಜನ ಸ್ವತಂತ್ರರಾಗಿಯೂ ಉಳಿಯಬಲ್ಲರೇ?

ಉತ್ತರ ಹುಡುಕಲು ಅವನು ಅಮೆರಿಕಕ್ಕೆ ಹೊರಟ. ಅಧಿಕೃತ ನೆಪ ಅಲ್ಲಿನ ಸೆರೆಮನೆಗಳ ಅಧ್ಯಯನ. 1831ರ ಮೇ ತಿಂಗಳಲ್ಲಿ ಗೆಳೆಯ ಗುಸ್ತಾವ್ ದ ಬೊಮೋಂ ಜೊತೆ ನ್ಯೂಯಾರ್ಕ್ ತಲುಪಿ, ಸುಮಾರು ಒಂಬತ್ತು ತಿಂಗಳು ದೇಶ ಸುತ್ತಿದ. ‘ಅಮೆರಿಕದಲ್ಲಿ ಪ್ರಜಾಪ್ರಭುತ್ವ’ದ ಮೊದಲ ಸಂಪುಟ 1835ರಲ್ಲಿ, ಎರಡನೆಯದು 1840ರಲ್ಲಿ ಬಂತು.

ರಾಜಧಾನಿಗಿಂತ ಹೆಚ್ಚಾಗಿ ನ್ಯೂ ಇಂಗ್ಲೆಂಡ್‌ನ ಸಣ್ಣ ಊರುಗಳು ಅವನ ಗಮನ ಸೆಳೆದವು. ಅಲ್ಲಿ ರಸ್ತೆ, ಶಾಲೆ, ತೆರಿಗೆಗಳ ವಿಷಯವನ್ನು ಊರಿನವರೇ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಏನೇ ಆಗಬೇಕಿದ್ದರೂ ನಾಲ್ಕು ಜನ ಸೇರಿ ಒಂದು ಸಂಘ ಕಟ್ಟುತ್ತಿದ್ದರು. ಈಜು ನೀರಿಗಿಳಿದೇ ಬರಬೇಕು. ಸ್ವಾತಂತ್ರ್ಯವೂ ಹಾಗೆಯೇ ಎಂಬುದು ಅವನಿಗೆ ಅಲ್ಲಿ ಮನದಟ್ಟಾಯಿತು.

ಅವನ ಅಳುಕುಗಳೂ ಅಲ್ಲೇ ಸ್ಪಷ್ಟವಾದವು. ಒಂದು, ಬಹುಮತದ ದಬ್ಬಾಳಿಕೆ. ಅರಸ ಮೈಯನ್ನು ಕಟ್ಟಿಹಾಕಬಲ್ಲ. ಬಹುಮತವಾದರೋ ಭಿನ್ನವಾಗಿ ಯೋಚಿಸುವವನನ್ನು ತನ್ನವರ ನಡುವೆಯೇ ಪರಕೀಯನನ್ನಾಗಿಸುತ್ತದೆ. ಇನ್ನೊಂದು, ಪ್ರತಿಯೊಬ್ಬನೂ ತನ್ನ ಮನೆ, ತನ್ನ ಗಳಿಕೆ ಎಂದು ಒಳಸರಿದು ಊರಿನ ಕೆಲಸವನ್ನು ಸರ್ಕಾರಕ್ಕೆ ಬಿಟ್ಟುಬಿಡುವುದು. ಆಗ ಬರುವ ಆಳ್ವಿಕೆಗೆ ಚಾಟಿ ಬೇಕಿಲ್ಲ. ಅದು ಎಲ್ಲವನ್ನೂ ಒದಗಿಸುತ್ತ, ಪ್ರಜೆಗಳನ್ನು ಎಂದೆಂದಿಗೂ ಮಕ್ಕಳಾಗಿಯೇ ಉಳಿಸುತ್ತದೆ. ಜನ ಚುನಾವಣೆಯ ದಿನ ಎದ್ದುಬಂದು ತಮ್ಮ ಒಡೆಯನನ್ನು ಆರಿಸಿ, ಮತ್ತೆ ಪರಾಧೀನತೆಗೆ ಮರಳುತ್ತಾರೆ.

ಅಮೆರಿಕದ ಸಮಾನತೆಯ ಹೊರಗೆ ಉಳಿದವರನ್ನೂ ಅವನು ಕಂಡ. 1831ರ ಕೊರೆಯುವ ಚಳಿಗಾಲದಲ್ಲಿ, ನೆಲದಿಂದ ಒಕ್ಕಲೆಬ್ಬಿಸಲಾದ ಚಾಕ್ಟಾ ಮೂಲನಿವಾಸಿಗಳು ಮೆಂಫಿಸ್ ಬಳಿ ಮಿಸಿಸಿಪ್ಪಿ ದಾಟುತ್ತಿದ್ದುದನ್ನು ನೋಡಿ ಬರೆದ. ಗುಲಾಮಗಿರಿಯನ್ನು ಖಂಡಿಸಿದ. ಆದರೆ ಇದೇ ಟಾಕ್‌ವಿಲ್ ಮುಂದೆ ಫ್ರಾನ್ಸ್‌ನ ಸಂಸತ್ತಿನ ಸದಸ್ಯನಾದಾಗ ಅಲ್ಜೀರಿಯಾದ ಆಕ್ರಮಣವನ್ನು ಬೆಂಬಲಿಸಿದ. ಅಲ್ಲಿನವರ ಬೆಳೆ ಸುಡುವುದನ್ನೂ ಯುದ್ಧದ ಅನಿವಾರ್ಯತೆ ಎಂದು ಸಮರ್ಥಿಸಿದ. ಮಿಸಿಸಿಪ್ಪಿಯ ದಡದಲ್ಲಿ ಕಂಡ ಅನ್ಯಾಯ ತನ್ನ ದೇಶದ ಬಾವುಟದ ಕೆಳಗೆ ಅವನಿಗೆ ಕಾಣಲಿಲ್ಲ. ಅವನನ್ನು ಓದುವವರು ಈ ಪುಟಗಳನ್ನು ಹಾರಿಸಬಾರದು.

1848ರ ಜನವರಿಯಲ್ಲಿ, ನಾವು ಜ್ವಾಲಾಮುಖಿಯ ಮೇಲೆ ಮಲಗಿದ್ದೇವೆ ಎಂದು ಅವನು ಸಂಸತ್ತನ್ನು ಎಚ್ಚರಿಸಿದ. ಫೆಬ್ರವರಿಯಲ್ಲಿ ಕ್ರಾಂತಿ ಸಿಡಿಯಿತು. ವರ್ಷದ ಕೊನೆಗೆ ಜನರ ಮತದಿಂದ ಅಧ್ಯಕ್ಷನಾದವನು ಲೂಯಿ ನೆಪೋಲಿಯನ್. 1849ರಲ್ಲಿ ಕೆಲವು ತಿಂಗಳು ಅವನ ಕೈಕೆಳಗೇ ಟಾಕ್‌ವಿಲ್ ವಿದೇಶಾಂಗ ಸಚಿವನಾಗಿದ್ದ. 1851ರ ಡಿಸೆಂಬರ್ 2ರಂದು ಅದೇ ಅಧ್ಯಕ್ಷ ಸಂಸತ್ತನ್ನು ವಿಸರ್ಜಿಸಿ ಅಧಿಕಾರವನ್ನೆಲ್ಲ ಕಬಳಿಸಿದ. ಪ್ರತಿಭಟಿಸಿದ ಸದಸ್ಯರ ಜೊತೆ ಟಾಕ್‌ವಿಲ್ ಕೂಡ ಬಂಧನಕ್ಕೊಳಗಾದ. ಅದೇ ತಿಂಗಳು ನಡೆದ ಜನಮತಗಣನೆಯಲ್ಲಿ ಭಾರೀ ಬಹುಮತ ಈ ಕ್ಷಿಪ್ರಕ್ರಾಂತಿಗೆ ಒಪ್ಪಿಗೆಯ ಮುದ್ರೆ ಒತ್ತಿತು.

ರಾಜಕೀಯ ಬಿಟ್ಟ ಟಾಕ್‌ವಿಲ್ ಹಳೆಯ ಕಡತಗಳಲ್ಲಿ ಕಾರಣ ಹುಡುಕಿದ. 1856ರ ‘ಹಳೆಯ ಆಡಳಿತ ಮತ್ತು ಕ್ರಾಂತಿ’ ಕೊಟ್ಟ ಉತ್ತರ ಇದು: ಅಧಿಕಾರದ ಕೇಂದ್ರೀಕರಣ ಕ್ರಾಂತಿಯ ಕೂಸಲ್ಲ, ಅರಸರೇ ಬಹಳ ಹಿಂದೆ ಊರೂರಿನ ಸ್ವಂತ ಆಡಳಿತವನ್ನು ಬರಿದು ಮಾಡಿದ್ದರು. ಅರಸ ಹೋದರೂ ಆ ಯಂತ್ರ ಉಳಿಯಿತು. 1859ರಲ್ಲಿ ಕಾನ್ ಪಟ್ಟಣದಲ್ಲಿ ಅವನು ತೀರಿಕೊಂಡಾಗ ಫ್ರಾನ್ಸ್‌ನಲ್ಲಿ ಮತದಾನದ ಹಕ್ಕಿತ್ತು, ಚುನಾವಣೆಗಳೂ ನಡೆಯುತ್ತಿದ್ದವು. ಆಳುತ್ತಿದ್ದವನು ಮಾತ್ರ ಚಕ್ರವರ್ತಿ.